ತಮ್ಮನ ಬಾಡಿಗೆ, ಅಣ್ಣನ ಲೆಕ್ಕ

ಪರೀಕ್ಷೆ, ಪೇಪರ್ ತಿದ್ದುವುದು ಅಂತ ಓಡಾಡುತ್ತಾ ಇಲ್ಲಿ ಏನೂ ಬರೆಯದೆ ತುಂಬಾ ದಿನವಾಯಿತು. ಈ ಸಲದ್ದು ಶಾಲೆಯ ವಿಷಯ ಅಲ್ಲ, ಮನೆಯದ್ದು. ಸ್ವಲ್ಪ ನಾಚಿಕೆಯದ್ದೂ ಹೌದು. ಆದರೂ ಬರೆಯುತ್ತಿದ್ದೇನೆ. ಏಕೆಂದರೆ ನಮ್ಮ ಕನ್ನಡ ಶಾಲೆಗಳಲ್ಲಿ ಕಲಿತು ಗಲ್ಫಿಗೆ ಹೋದವರ ಮನೆಗಳಲ್ಲಿ ನನ್ನಂಥ ಅಣ್ಣಂದಿರು, ಅಪ್ಪಂದಿರು ಬಹಳ ಮಂದಿ ಇದ್ದಾರೆ.

ನನ್ನ ತಮ್ಮ 2008ರಿಂದ ಶಾರ್ಜಾದಲ್ಲಿದ್ದಾನೆ. ಇಲ್ಲಿ ಮಂಗಲ್ಪಾಡಿಯಲ್ಲಿ, ಪಾಲಿನಲ್ಲಿ ಬಂದ ಜಾಗದಲ್ಲಿ ಒಂದು ಕಟ್ಟಡ ಕಟ್ಟಿಸಿದ. ಕೆಳಗೆ ಮೂರು ಅಂಗಡಿ ಕೋಣೆ, ಮೇಲೊಂದು ಮನೆ. 2023ರ ಏಪ್ರಿಲ್‌ನಿಂದ ನಾಲ್ಕೂ ಬಾಡಿಗೆಗೆ ಹೋದವು. ತಿಂಗಳಿಗೆ ತಲಾ 12,000, ಒಟ್ಟು 48,000 ರೂಪಾಯಿ. ವಸೂಲಿ ನನ್ನ ಕೆಲಸ. ಬಾಡಿಗೆ ನನ್ನ ಖಾತೆಗೇ ಬರುತ್ತಿತ್ತು. ನಾನು ಒಂದು ಇನ್ನೂರು ಪುಟದ ನೋಟುಪುಸ್ತಕದಲ್ಲಿ ತಾರೀಕು ಹಾಕಿ ಬರೆದಿಡುತ್ತಿದ್ದೆ. ತಮ್ಮನ ಒಂದು ರೂಪಾಯಿಯೂ ನನ್ನ ಕೈಗೆ ಅಂಟಿಲ್ಲ ಅಂತ ಒಳಗೊಳಗೇ ಹೆಮ್ಮೆ ಬೇರೆ!

ತೆರಿಗೆ? ಒಮ್ಮೆ ಫೋನಿನಲ್ಲಿ ಕೇಳಿದ್ದೆ. "ಅಣ್ಣಾ, ನನಗೆ ಇಲ್ಲಿ ಸಂಬಳಕ್ಕೇ ತೆರಿಗೆ ಇಲ್ಲ. ಮತ್ತೆ ಅಲ್ಲಿ ಎಂಥದ್ದು?" ಅಂದ. ಸರಿ ಅನಿಸಿತು, ಸುಮ್ಮನಾದೆ.

2025ರ ಅಕ್ಟೋಬರ್‌ನಲ್ಲಿ ಅವನ ಕೆಲಸ ಹೋಯಿತು. ಮಕ್ಕಳ ಶಾಲೆಯ ಫೀಸು ಕಟ್ಟಬೇಕು, ಮನೆ ಬಾಡಿಗೆ ಕಟ್ಟಬೇಕು. "ಅಣ್ಣಾ, ಆ ದುಡ್ಡು ಕಳಿಸು" ಅಂದ. ಹಣ ಇತ್ತು. ನಾನು ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಹೋದೆ. ಅಲ್ಲಿದ್ದವರು ತಾಳ್ಮೆಯಿಂದ ಕೇಳಿದ ಪ್ರಶ್ನೆ ಒಂದೇ: "ಮಾಷ್, ಈ ಹಣ ಯಾರದ್ದು?"

ತಮ್ಮನದ್ದು ಅಂದೆ. ಹಾಗಾದರೆ ನಿಮ್ಮ ಖಾತೆಯಲ್ಲಿ ಯಾಕಿದೆ? ಅವರ ಎನ್‌ಆರ್‌ಒ ಖಾತೆ ಎಲ್ಲಿ? ತೆರಿಗೆ ಕಟ್ಟಿದ ದಾಖಲೆ? ಇಪ್ಪತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿದವನಿಗೆ ಅಂದು ಒಂದಕ್ಕೂ ಉತ್ತರ ಬರಲಿಲ್ಲ...

ಆಮೇಲೆ ಒಬ್ಬ ಲೆಕ್ಕ ಪರಿಶೋಧಕರ ಹತ್ತಿರ ಕುಳಿತು ಕಲಿತದ್ದನ್ನು ನಿಮಗೂ ಹೇಳುತ್ತೇನೆ.

ಮೊದಲನೆಯದು: ತಮ್ಮ ಅನಿವಾಸಿ. ಅವನ ಶಾರ್ಜಾದ ಸಂಬಳಕ್ಕೆ ಇಲ್ಲಿ ತೆರಿಗೆ ಇಲ್ಲ, ನಿಜ. ಆದರೆ ಬಾಡಿಗೆ ಹುಟ್ಟುವುದು ಮಂಗಲ್ಪಾಡಿಯ ಮಣ್ಣಿನಲ್ಲಿ. ಅದು ಭಾರತದ ಆದಾಯ. ಯಜಮಾನ ಯಾವ ದೇಶದಲ್ಲಿದ್ದರೂ ಇಲ್ಲಿ ಲೆಕ್ಕ ಕೊಡಬೇಕು. ವಸೂಲಿ ಮಾಡುವವನು ಯಾರೇ ಇರಲಿ, ಆದಾಯ ಯಜಮಾನನದೇ.

ಇನ್ನು ಲೆಕ್ಕ. ವರ್ಷದ ಬಾಡಿಗೆ 5,76,000. ಪಂಚಾಯತಿಗೆ ಕಟ್ಟಿದ ಕಟ್ಟಡ ತೆರಿಗೆ 6,000 ಕಳೆದರೆ 5,70,000. ಅದರಲ್ಲಿ ನೂರಕ್ಕೆ 30ರಷ್ಟು, ಅಂದರೆ 1,71,000, ಬಿಲ್ಲು ರಸೀದಿ ಏನೂ ಕೇಳದೆ ಕಳೆಯುತ್ತಾರೆ. ಉಳಿಯಿತು 3,99,000. 2023-24 ಮತ್ತು 2024-25ರಲ್ಲಿ ಹೊಸ ಪದ್ಧತಿಯಂತೆ 3 ಲಕ್ಷದವರೆಗೆ ತೆರಿಗೆ ಇಲ್ಲ. ಮೇಲಿನ 99,000ಕ್ಕೆ ನೂರಕ್ಕೆ 5, ಅದರ ಮೇಲೆ ನೂರಕ್ಕೆ 4ರ ಸೆಸ್. ಎಷ್ಟಾಯಿತು? ವರ್ಷಕ್ಕೆ 5,148 ರೂಪಾಯಿ. ಇಷ್ಟೇ ಆದಾಯ ಊರಲ್ಲೇ ಇರುವವನಿಗೆ ಬಂದಿದ್ದರೆ ರಿಯಾಯಿತಿ ಸಿಕ್ಕಿ ಅದೂ ಇರುತ್ತಿರಲಿಲ್ಲ. ಅನಿವಾಸಿಗೆ ಆ ರಿಯಾಯಿತಿ ಇಲ್ಲ.

ನನಗೆ ಅತಿ ಹೆಚ್ಚು ಗಾಬರಿಯಾದದ್ದು ಮತ್ತೊಂದು ವಿಷಯ ಕೇಳಿ. ಅನಿವಾಸಿಗೆ ಬಾಡಿಗೆ ಕೊಡುವವನು ಕೊಡುವ ಮೊದಲೇ ತೆರಿಗೆ ಹಿಡಿದು ಸರಕಾರಕ್ಕೆ ಕಟ್ಟಬೇಕು. ಇಂತಿಷ್ಟರ ಒಳಗಿದ್ದರೆ ಬೇಡ ಎಂಬ ಮಿತಿಯೂ ಇಲ್ಲ. ಸಾಮಾನ್ಯ ದರ ನೂರಕ್ಕೆ 31.2. ಅಂದರೆ 12,000ದಲ್ಲಿ 3,744 ರೂಪಾಯಿ! ಮೊಬೈಲ್ ರಿಪೇರಿ ಅಂಗಡಿಯ ಹುಡುಗನಿಗೆ ಇದು ಗೊತ್ತಿರಲಿಲ್ಲ. ಕಟ್ಟಡದ ಯಜಮಾನ ಗಲ್ಫಿನಲ್ಲಿದ್ದಾನೆ, ಆದ್ದರಿಂದ ನಿನಗೂ ಒಂದು ಹೊಣೆ ಇದೆ ಅಂತ ಹೇಳಬೇಕಾದವನು ನಾನೇ. ನನಗೇ ಗೊತ್ತಿರಲಿಲ್ಲ. ಹೀಗೆ ಹೆಚ್ಚಾಗಿ ಹಿಡಿದದ್ದು ರಿಟರ್ನ್ ಸಲ್ಲಿಸಿದರೆ ವಾಪಸು ಬರುತ್ತದೆ. ಕಡಿಮೆ ದರದಲ್ಲಿ ಹಿಡಿಯಲು ಇಲಾಖೆಯಿಂದ ಮೊದಲೇ ಪ್ರಮಾಣಪತ್ರ ಕೇಳಲೂಬಹುದು. ತಮ್ಮ ಈಗ ಅದಕ್ಕೆ ಅರ್ಜಿ ಹಾಕಿದ್ದಾನೆ.

2024-25ರ ರಿಟರ್ನನ್ನು ಡಿಸೆಂಬರ್ 31ರೊಳಗೆ ವಿಳಂಬ ಶುಲ್ಕದ ಜೊತೆ ಸಲ್ಲಿಸಿದೆವು. 2023-24ಕ್ಕೆ ಪರಿಷ್ಕೃತ ಕಾಲಾವಕಾಶದ 'ಅಪ್‌ಡೇಟೆಡ್ ರಿಟರ್ನ್'. ಅದಕ್ಕೆ ತೆರಿಗೆ ಮತ್ತು ಬಡ್ಡಿಯ ಮೇಲೆ ಇನ್ನೂ ನೂರಕ್ಕೆ 25. ಎರಡೂ ವರ್ಷದ್ದು ಸೇರಿ 15,000ದೊಳಗೆ ಮುಗಿಯಿತು. ನಂತರ ಅವನ ಎನ್‌ಆರ್‌ಒ ಖಾತೆ, ಅದಕ್ಕೆ ನನ್ನ ಚೆಕ್, ಪರಿಶೋಧಕರ ಪ್ರಮಾಣಪತ್ರ... ಹಣ ಶಾರ್ಜಾ ಮುಟ್ಟುವಾಗ ಫೆಬ್ರವರಿ.

ಅಷ್ಟರಲ್ಲಿ ಫೀಸಿನ ಗಡುವು ಕಳೆದಿತ್ತು. ತಮ್ಮನ ಹೆಂಡತಿ ಮದುವೆಯ ಎರಡು ಬಳೆ ಮಾರಿ ಫೀಸು ಕಟ್ಟಿದಳಂತೆ. ತಮ್ಮ ಅದನ್ನು ನನಗೆ ಹೇಳಲಿಲ್ಲ. ಅವಳೂ ಹೇಳಲಿಲ್ಲ. ಊರಿಗೆ ಬಂದಾಗ ಕೈ ನೋಡಿ ನನ್ನ ಹೆಂಡತಿಗೆ ಗೊತ್ತಾಯಿತು. ತೆರಿಗೆಯ ಮೊತ್ತ ನೋಡಿದರೆ ಏನೂ ಅಲ್ಲ. ಬಳೆ ಹೋದದ್ದು ಲೆಕ್ಕ ಕೊಡದೆ ಕುಳಿತದ್ದಕ್ಕೆ.

2025-26ರಿಂದ ಹೊಸ ಪದ್ಧತಿಯ ಮಿತಿ 4 ಲಕ್ಷ. ನಮ್ಮ 3,99,000 ಅದರೊಳಗೇ ಬಂತು! 2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಬದಲು 2025ರ ಆದಾಯ ತೆರಿಗೆ ಕಾಯ್ದೆ ಜಾರಿಯಾಗಿದೆ. ಕಲಮುಗಳ ಸಂಖ್ಯೆ ಬದಲಾದರೂ ಬಾಡಿಗೆಯಲ್ಲಿ ನೂರಕ್ಕೆ 30 ಕಳೆಯುವ ಕ್ರಮ ಹಾಗೇ ಇದೆ.

ಗಲ್ಫ್ ಬಿಟ್ಟು ಊರಿಗೆ ಬರುವವರಿಗೂ ಒಂದು ಮಾತು. ದುಬೈಯಲ್ಲಿ ಫ್ಲ್ಯಾಟ್ ಇದ್ದು ಅದರ ಬಾಡಿಗೆ ಬರುತ್ತಿದ್ದರೆ, ಬಂದ ಹೊಸದರಲ್ಲಿ ಸಾಮಾನ್ಯವಾಗಿ ಸ್ವಲ್ಪ ಕಾಲ ವಿನಾಯಿತಿ ಸಿಗುತ್ತದೆ. ಪೂರ್ತಿ ನಿವಾಸಿಯಾದ ಮೇಲೆ ಆ ಬಾಡಿಗೆಯನ್ನೂ, ಆ ಫ್ಲ್ಯಾಟನ್ನೂ ಇಲ್ಲಿನ ರಿಟರ್ನಿನಲ್ಲಿ ತೋರಿಸಬೇಕು. ಫ್ಲ್ಯಾಟ್ ತೋರಿಸದಿದ್ದರೆ 2015ರ ಕಪ್ಪುಹಣ ಕಾಯ್ದೆಯಲ್ಲಿ ದಂಡ 10 ಲಕ್ಷ. ಅಲ್ಲಿ ಬಾಡಿಗೆಗೆ ಆದಾಯ ತೆರಿಗೆ ಕಟ್ಟಿರುವುದಿಲ್ಲವಾದ್ದರಿಂದ ಇಲ್ಲಿ ಕಳೆದುಕೊಳ್ಳಲೂ ಏನಿರುವುದಿಲ್ಲ. ಆದ್ದರಿಂದ ಎರಡು ಪ್ರಶ್ನೆ ಕೇಳಿಕೊಳ್ಳಿ: ಮಣ್ಣು ಎಲ್ಲಿದೆ? ಮನುಷ್ಯ ಎಲ್ಲಿದ್ದಾನೆ?

ನಮ್ಮ ಅಪ್ಪನದ್ದೊಂದು ತಗಡಿನ ಪೆಟ್ಟಿಗೆ ಇದೆ. ಅದರಲ್ಲಿ ತೀರ್ವೆ ರಸೀದಿಗಳು. ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸಿಗೆ ಸೇರಿದ್ದ ಕಾಲದವು ಕೆಲವು. 1956ರ ನವೆಂಬರ್ 1ರ ನಂತರದವು ಕೇರಳದವು. ಜಾಗ ಒಂದಿಂಚೂ ಹಂದಲಿಲ್ಲ. ರಾಜ್ಯ ಬದಲಾಯಿತು, ರಸೀದಿಯ ಭಾಷೆ ಬದಲಾಯಿತು, ಅಪ್ಪ ಮಾತ್ರ ಒಂದು ವರ್ಷವೂ ತೀರ್ವೆ ತಪ್ಪಿಸಲಿಲ್ಲ. ಅವರು ಓದಿದ್ದು ಐದನೇ ಕ್ಲಾಸು. ನಾನು ಬಿ.ಎಡ್.!

ತಮ್ಮನಿಗೆ ಈಗ ಬೇರೆ ಕೆಲಸ ಸಿಕ್ಕಿದೆ. ಬಾಡಿಗೆ ನೇರ ಅವನ ಖಾತೆಗೆ ಹೋಗುತ್ತದೆ. ತೆರಿಗೆ ಕಟ್ಟಿದ ಚಲನ್‌ಗಳನ್ನು ನಾನು ಅಪ್ಪನ ಪೆಟ್ಟಿಗೆಯಲ್ಲೇ ಇಟ್ಟಿದ್ದೇನೆ. ನಿಮ್ಮ ಮನೆಯಲ್ಲೂ ನನ್ನಂಥದ್ದೊಂದು ನೋಟುಪುಸ್ತಕ ಇದ್ದರೆ ಈ ಭಾನುವಾರ ತೆಗೆದು ನೋಡಿ, ಗೊತ್ತಿದ್ದವರಲ್ಲಿ ಕೇಳಿ. ಕೇಳುವುದಕ್ಕೆ ನಾಚಿಕೆ ಬೇಡ. ಮಕ್ಕಳಿಗೆ ನಾವು ದಿನಾ ಹೇಳುವುದೂ ಅದನ್ನೇ ತಾನೇ?