ಕಾಳಿ ನದಿ ಕಡಲು ಸೇರುವಲ್ಲಿ

ನೀರು ಎಂದಾಕ್ಷಣ ನಿಮಗೆ ಏನು ನೆನಪಾಗುತ್ತದೆ? ನನಗೆ ನೆನಪಾಗುವುದು ಕಾಲುವೆ. ಗುಂಜಹಳ್ಳಿ ನನ್ನ ತವರು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದ ರೈತರು ನೀರಿಗಾಗಿ ಕಾಯುವುದನ್ನು ನೋಡುತ್ತಾ ಬೆಳೆದವಳು ನಾನು. ಅಷ್ಟು ಕಾದು ಬರಮಾಡಿಕೊಂಡ ನೀರಿನಲ್ಲೇ ನನ್ನ ಏಳು ವರ್ಷದ ತಮ್ಮ ಮುಳುಗಿ ತೀರಿಕೊಂಡ. ಅಂದಿನಿಂದ ನಾನು ಮೊಣಕಾಲಿನ ಮೇಲೆ ನೀರಿಗೆ ಇಳಿದವಳಲ್ಲ.

2025ರ ಜನವರಿಯಲ್ಲಿ, ಒಂಬತ್ತನೇ ತರಗತಿಯ ಮಗಳ ಹಟಕ್ಕೆ ಮಣಿದು ಕಾರವಾರಕ್ಕೆ ಹೊರಟೆವು. ಯಜಮಾನರು, ಮಕ್ಕಳು, ಜೊತೆಗೆ ಅರವತ್ತೆಂಟು ವರ್ಷದ ನನ್ನ ಅಮ್ಮಿ. ಬುತ್ತಿಗೆ ಸಜ್ಜೆರೊಟ್ಟಿ, ಶೇಂಗಾ ಚಟ್ನಿ. ಲಿಂಗಸುಗೂರು, ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿಯುವಾಗ ಬಿಸಿಲ ನಾಡಿನವರಾದ ನಮಗೆ ಆ ಹಸಿರೇ ಒಂದು ಸೋಜಿಗ.

ಕಾರವಾರದ ಕಡಲತೀರಕ್ಕೆ ಕವಿ ರವೀಂದ್ರನಾಥ ಟಾಗೋರರ ಹೆಸರಿದೆ. ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಅವರು 1883ರಲ್ಲಿ ಬಂದಿದ್ದರು. ಊರಿನ ಉತ್ತರಕ್ಕೆ ಕಾಳಿ ನದಿ ಸಮುದ್ರ ಸೇರುತ್ತದೆ. ಜೋಯಿಡಾದ ಕಾಡಿನಲ್ಲಿ ಹುಟ್ಟಿ ಬರುವ ನದಿ ಇದು. ಇದರ ಮೇಲಿದ್ದ ಹಳೆಯ ಹೆದ್ದಾರಿ ಸೇತುವೆ 2024ರ ಆಗಸ್ಟ್ 7ರಂದು ಕುಸಿದ ಸುದ್ದಿಯನ್ನು ನೀವೂ ಓದಿರಬಹುದು. ನನ್ನ ಅಂಜಿಕೆಗೆ ಅದೂ ಸೇರಿಕೊಂಡಿತ್ತು.

ದೋಣಿಯ ಬಳಿ ನಾನು ನಿಂತುಬಿಟ್ಟೆ. "ನೀವೆಲ್ಲ ಹೋಗಿಬನ್ನಿ, ನಾನು ಚಪ್ಪಲಿ, ಚೀಲ ಕಾಯುತ್ತೇನೆ" ಎಂದೆ. ಪ್ರವಾಸದಲ್ಲಿ ನಮ್ಮ ಪಾಲಿಗೆ ಬರುವುದು ಸಾಮಾನ್ಯವಾಗಿ ಇದೇ ಕೆಲಸ ಅಲ್ಲವೇ? ಮಗಳೂ ನನ್ನ ಕೈ ಹಿಡಿದು ಹಿಂದೆ ಸರಿದಳು. ಆಗ ಅಮ್ಮಿ ಬುರ್ಖಾದ ಮೇಲೆಯೇ ಜೀವರಕ್ಷಕ ಜಾಕೆಟ್ ಹಾಕಿಕೊಂಡು ನಮ್ಮೆಲ್ಲರಿಗಿಂತ ಮೊದಲು ದೋಣಿ ಹತ್ತಿದರು. "ಮೂವತ್ತೈದು ವರ್ಷ ನೀರಿನ ಮ್ಯಾಲೆ ಸಿಟ್ಟು ಮಾಡಿದ್ದು ಸಾಕು. ನೀ ಅಂಜಿದ್ರ ನಿನ್ನ ಮಗಳೂ ಅಂಜತಾಳ. ಬಾ" ಎಂದರು. ಮಗನನ್ನು ಕಳೆದುಕೊಂಡ ತಾಯಿಯೇ ಕರೆದಾಗ ಇನ್ನೇನು ಹೇಳಲಿ? ಹತ್ತಿದೆ.

ದಡದುದ್ದಕ್ಕೂ ಕಾಂಡ್ಲಾ ಗಿಡಗಳು. ಉಪ್ಪುನೀರಿನಲ್ಲೇ ಬೇರೂರುವ ಇವು ಮಣ್ಣನ್ನು ಹಿಡಿದಿಡುತ್ತವೆ; ಮೀನು, ಸಿಗಡಿಯ ಮರಿಗಳು ಇವುಗಳ ಬೇರಿನ ನಡುವೆ ಬೆಳೆಯುತ್ತವೆ. ಬೆಳ್ಳಕ್ಕಿಗಳು ಕೆಸರಿನಲ್ಲಿ ತಾಳ್ಮೆಯಿಂದ ನಿಂತಿದ್ದವು. ಅಳಿವೆ ದಾಟಿದ ಮೇಲೆ ಅಂಬಿಗರು ಎಂಜಿನ್ ನಿಲ್ಲಿಸಿ ಸುಮ್ಮನಿರುವಂತೆ ಸನ್ನೆ ಮಾಡಿದರು. ಸ್ವಲ್ಪ ಹೊತ್ತಿನಲ್ಲಿ ಬೂದುಬಣ್ಣದ ಬೆನ್ನೊಂದು ನೀರಿನ ಮೇಲೆ ಬಂದು 'ಫುಸ್' ಎಂದು ಉಸಿರುಬಿಟ್ಟಿತು. ಅದರ ಪಕ್ಕದಲ್ಲೇ ಒಂದು ಮರಿ! ಇವು ಗೂನುಬೆನ್ನಿನ ಡಾಲ್ಫಿನ್‌ಗಳು. ಮೀನಿನಂತೆ ಕಂಡರೂ ಮೀನಲ್ಲ. ಮರಿ ಹೆತ್ತು ಹಾಲೂಡಿಸುತ್ತವೆ, ಉಸಿರಾಡಲು ಮೇಲೆ ಬರಲೇಬೇಕು. ಆ ತಾಯಿ-ಮರಿ ಮರೆಯಾಗುವವರೆಗೂ ಅಮ್ಮಿ ಕಣ್ಣು ತೆಗೆಯಲಿಲ್ಲ. ಒಂದು ಮಾತೂ ಆಡಲಿಲ್ಲ.

ಚಳಿಗಾಲದ ರಾತ್ರಿಗಳಲ್ಲಿ ಈ ತೀರಕ್ಕೆ ಕಡಲಾಮೆಗಳೂ ಮೊಟ್ಟೆಯಿಡಲು ಬರುತ್ತವೆ. ಸುಮಾರು ಐವತ್ತು ದಿನಗಳಲ್ಲಿ ಮರಿಗಳು ಹೊರಬರುತ್ತವೆ. ದಂಡೆಯ ದೀಪಗಳು ಅವುಗಳ ದಾರಿ ತಪ್ಪಿಸುತ್ತವೆ. ಆದ್ದರಿಂದ ರಾತ್ರಿ ದಂಡೆಯಲ್ಲಿ ಟಾರ್ಚ್ ಬೆಳಗಬೇಡಿ, ಪ್ಲಾಸ್ಟಿಕ್ ಬಿಸಾಡಬೇಡಿ.

ನೀವೂ ಹೋಗುವುದಾದರೆ ಮಳೆಗಾಲ ಬಿಟ್ಟು ಹೋಗಿ. ದೋಣಿಯಲ್ಲಿ ಎಲ್ಲರಿಗೂ ಜಾಕೆಟ್ ಇದೆಯೇ ಎಂದು ಕೇಳಿಯೇ ಹತ್ತಿ. ಸಡಿಲ ಸೆರಗು, ಓಢನಿ ಬಿಗಿಯಾಗಿ ಕಟ್ಟಿಕೊಳ್ಳಿ. ಡಾಲ್ಫಿನ್‌ಗಳ ಬೆನ್ನಟ್ಟಬೇಡಿ ಎಂದು ಅಂಬಿಗರಿಗೆ ಹೇಳಿ.

ಊರಿಗೆ ಮರಳಿದ ಮೇಲೆ ಅಮ್ಮಿ ಒಂದೇ ಮಾತು ಹೇಳಿದರು: "ಹುಡುಗಿಗೆ ಈಜು ಕಲಿಸ್ರಿ." ಕಲಿಸುವ ಮಹಿಳೆಯೊಬ್ಬರನ್ನು ಹುಡುಕುತ್ತಿದ್ದೇವೆ. ಸಿಕ್ಕರೆ ಮಗಳ ಜೊತೆ ನಾನೂ ಇಳಿಯುತ್ತೇನೆ.