ಈ ಕಡತ ಇಲ್ಲಿಲ್ಲ, ಅಲ್ಲಿದೆ

ಮೂಡುಬಿದಿರೆಯ ಹಳೆಯ ಆಸ್ತಿ ಪತ್ರಗಳನ್ನು ಬಿಡಿಸಿ ನೋಡಿದರೆ ಅವುಗಳಲ್ಲಿ ಕಾರ್ಕಳ ತಾಲೂಕು ಎಂದು ಬರೆದಿರುತ್ತದೆ. 1997ರಲ್ಲಿ ಉಡುಪಿ ಜಿಲ್ಲೆ ಬೇರೆಯಾದಾಗ ಕಾರ್ಕಳ ಅತ್ತ ಹೋಯಿತು. ಮೂಡುಬಿದಿರೆ ದಕ್ಷಿಣ ಕನ್ನಡದಲ್ಲೇ ಉಳಿದು ಮಂಗಳೂರು ತಾಲೂಕಿಗೆ ಸೇರಿತು. ಈಗ ಅದೇ ಒಂದು ತಾಲೂಕು. ಭೂಮಿ ಒಂದು ಅಂಗುಲವೂ ಸರಿದಿಲ್ಲ, ಅದರ ಕಾಗದ ಹುಡುಕಬೇಕಾದ ಕಚೇರಿ ಮಾತ್ರ ಬದಲಾಗಿದೆ. ಗುಮಾಸ್ತರ ಪರಿಚಯ ಇದ್ದವರಿಗೆ ಇದೊಂದು ಸಮಸ್ಯೆಯೇ ಅಲ್ಲ. ಕೇಳಲು ಯಾರೂ ಇಲ್ಲದವರಿಗೆ ಹಳೆಯ ಬಾಗಿಲ ಮೇಲಿನ ಒಂದು ಚೀಟಿಯೇ ದಿಕ್ಕು.

ಲಿನಕ್ಸ್ ಎಂಬ ದೊಡ್ಡ ತಂತ್ರಾಂಶದ ದಾಖಲೆಗಳ ವಿಷಯ ಬಂದಾಗಲೆಲ್ಲ ನಮಗೆ ಈ ತಾಲೂಕಿನ ಕಥೆ ನೆನಪಾಗುತ್ತದೆ. ನಾವು ಬಂಟ್ವಾಳದ ಇಬ್ಬರು, ಬೆಳ್ತಂಗಡಿಯ ಒಬ್ಬರು, ಮೂಡುಬಿದಿರೆಯ ಒಬ್ಬರು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಬಿಡುವಿನ ಭಾನುವಾರಗಳಲ್ಲಿ ಬಿ.ಸಿ. ರೋಡಿನಲ್ಲಿ ಸೇರುತ್ತೇವೆ, ಎಲ್ಲರ ಬಸ್ಸೂ ಅಲ್ಲಿಗೆ ಬರುತ್ತದೆ ಎಂಬುದೇ ಕಾರಣ. ನಮ್ಮಲ್ಲೊಬ್ಬರ ತಂದೆ ಒಮ್ಮೆ ಕೇಳಿದ್ದರು: “ಅದರಲ್ಲಿ ಎಷ್ಟು ಸಿಗ್ತದೆ ಮಾರಾಯ?” ಏನೂ ಸಿಗುವುದಿಲ್ಲ ಎಂದಾಗ, “ಹಾಗಾದ್ರೆ ಎಂತಕ್ಕೆ?” ಎಂದರು. ಉತ್ತರ ಒಂದೇ ಮಾತಿನಲ್ಲಿ ಹೇಳುವಂಥದ್ದಲ್ಲ.

ಲಿನಕ್ಸನ್ನು 1991ರಲ್ಲಿ ಶುರು ಮಾಡಿದವರು ಫಿನ್‌ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್. ನಮ್ಮ ಆಂಡ್ರಾಯ್ಡ್ ಫೋನುಗಳ ಒಡಲಲ್ಲಿರುವುದು ಅದೇ. ಯಾರು ಬೇಕಾದರೂ ಓದಬಹುದು, ತಿದ್ದುಪಡಿ ಕಳುಹಿಸಬಹುದು. ಆದರೆ ತಿದ್ದುವ ಮೊದಲು ತಿಳಿಯಬೇಕು, ತಿಳಿಯಲು ದಾಖಲೆ ಬೇಕು. ಆ ದಾಖಲೆಗಳು 1,000ಕ್ಕೂ ಹೆಚ್ಚು ಕಡತಗಳಾಗಿ ಬೆಳೆದಿದ್ದವು. ಒಬ್ಬೊಬ್ಬರು ತಮಗೆ ತೋಚಿದಾಗ ಬರೆದು, ತೋಚಿದ ಕಡೆ ಇಟ್ಟು ಹೋಗಿದ್ದರು. ಮದುವೆ ಮನೆಯ ಜಗಲಿಯಲ್ಲಿ ಚಪ್ಪಲಿ ಬಿಟ್ಟ ಹಾಗೆ. ತನ್ನ ಚಪ್ಪಲಿ ಎಲ್ಲಿದೆಯೆಂದು ಬಿಟ್ಟವನಿಗೆ ಗೊತ್ತು, ಹೊಸಬನಿಗೆ ಗೊತ್ತಿಲ್ಲ.

2016ರಲ್ಲಿ, ದಾಖಲೆಗಳ ಉಸ್ತುವಾರಿ ಹೊತ್ತ ಜೊನಾಥನ್ ಕಾರ್ಬೆಟ್ ಮತ್ತು ಜೊತೆಗಾರರು ಇದನ್ನು ಸರಿಪಡಿಸಲು ಕೈಹಾಕಿದರು. ಆ ವರ್ಷ ಬಂದ 4.8 ಆವೃತ್ತಿಯಿಂದ ದಾಖಲೆಗಳನ್ನು ಸ್ಫಿಂಕ್ಸ್ ಎಂಬ ಸಲಕರಣೆಯ ಮೂಲಕ ಒಂದೇ ಪುಸ್ತಕದಂತೆ ಹೊಲಿಯುವ ಏರ್ಪಾಡಾಯಿತು. ನಮಗೆ ಅದಕ್ಕಿಂತ ಮುಖ್ಯವೆನಿಸಿದ್ದು ಕಡತಗಳನ್ನು ಹಂಚಿದ ಬಗೆ. ಯಾರು ಬರೆದರು ಎಂಬುದನ್ನು ನೋಡದೆ, ಯಾರು ಓದುತ್ತಾರೆ ಎಂಬುದನ್ನು ನೋಡಿ ಹಂಚಿದರು. ಯಂತ್ರ ನಡೆಸುವವರಿಗೆ ‘ಅಡ್ಮಿನ್ ಗೈಡ್’, ಚಾಲಕ ತಂತ್ರಾಂಶ ಬರೆಯುವವರಿಗೆ ‘ಡ್ರೈವರ್ ಎಪಿಐ’, ಹೊಸದಾಗಿ ಕೆಲಸಕ್ಕಿಳಿಯುವವರಿಗೆ ‘ಪ್ರೋಸೆಸ್’. ಹೀಗೆ ಬೇರೆ ಬೇರೆ ಕೋಣೆಗಳು.

ಎಲ್ಲರಿಗೂ ಇದು ಹಿಡಿಸಲಿಲ್ಲ. ಕಡತದ ದಾರಿ ಬಾಯಿಪಾಠವಾಗಿದ್ದ ಹಳಬರಿಗೆ ಕಿರಿಕಿರಿ. ಅವರ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಒಂದು ಕಡತ ಸರಿದರೆ ಅದರ ಹಳೆಯ ವಿಳಾಸವನ್ನು ನೆಚ್ಚಿಕೊಂಡ ಸಾಲುಗಳೆಲ್ಲ ಸುಳ್ಳಾಗುತ್ತವೆ. ಅಂಥ ಸಾಲುಗಳು ಬೇರೆ ದಾಖಲೆಗಳಲ್ಲಿವೆ, ಮೂಲ ತಂತ್ರಾಂಶದ ಟಿಪ್ಪಣಿಗಳಲ್ಲಿವೆ, ಯಾರೋ ಎಂದೋ ಬರೆದ ಪುಸ್ತಕಗಳಲ್ಲೂ ಇವೆ. ಆದ್ದರಿಂದಲೇ ತಿದ್ದುಪಡಿ ಕಳುಹಿಸುವ ವಿಧಾನದ ಕಡತವನ್ನು ‘ಪ್ರೋಸೆಸ್’ ಕೋಣೆಗೆ ಒಯ್ದಾಗ ಹಳೆಯ ಜಾಗದಲ್ಲಿ ಚೀಟಿಯೊಂದನ್ನು ಬಿಟ್ಟರು: ಈ ಕಡತ ಇಂಥಲ್ಲಿಗೆ ಹೋಗಿದೆ. ಒಂದೇ ಸಾಲು. ನಮ್ಮಂಥವರಿಗೆ ಅದು ಸಾಕು. ಎಲ್ಲ ಕಡತಗಳಿಗೂ ಚೀಟಿ ಇಟ್ಟರೆ ಮನೆ ತುಂಬ ಚೀಟಿಯೇ ಆಗುತ್ತದೆ, ಹಾಗಾಗಿ ಉಳಿದವುಗಳಿಗೆ ಬೇರೆ ಉಪಾಯ. ಇಲ್ಲದ ಕಡತವನ್ನು ಬೆಟ್ಟು ಮಾಡುವ ಸಾಲುಗಳನ್ನು ಹುಡುಕುವ ಪುಟ್ಟ ಪ್ರೋಗ್ರಾಂ ಒಂದು ಆ ಯೋಜನೆಯಲ್ಲೇ ಇದೆ. ಅದು ತೋರಿಸಿದ್ದೆಲ್ಲ ತಪ್ಪಾಗಿರುವುದಿಲ್ಲ, ಒಂದೊಂದನ್ನೂ ಮನುಷ್ಯನೇ ನೋಡಬೇಕು. ನಮ್ಮ ಭಾನುವಾರದ ಕೆಲಸ ಬಹುಪಾಲು ಇದೇ. ದೊಡ್ಡ ಜಾಣತನ ಬೇಡ, ತಾಳ್ಮೆ ಬೇಕು.

ಸ್ಥಳಾಂತರದಿಂದ ಎಲ್ಲವೂ ಸರಿಹೋಯಿತೆಂದು ನಾವು ಹೇಳುವುದಿಲ್ಲ. ಹಳೆಯ ಅಕ್ಕಿಯನ್ನು ಹೊಸ ಡಬ್ಬಕ್ಕೆ ಸುರಿದರೆ ಹುಳ ಹೋಗುವುದಿಲ್ಲ. ಎಷ್ಟೋ ವರ್ಷಗಳಿಂದ ಯಾರೂ ಮುಟ್ಟದ ಬರಹ ಹೊಸ ಕೋಣೆಯಲ್ಲಿ ಕುಳಿತು ಹೊಸಬನಂತೆ ಕಾಣುತ್ತದೆ, ಅದು ಇನ್ನಷ್ಟು ಅಪಾಯ. ಸರಿಸುವುದು ಸುಲಭ, ಓದಿ ನೋಡಿ ಸತ್ತದ್ದನ್ನು ತೆಗೆಯುವುದು ಕಷ್ಟ. 2023ರಲ್ಲಿ ಬೇರೆ ಬೇರೆ ಪ್ರೊಸೆಸರುಗಳ ದಾಖಲೆಗಳನ್ನು ಒಂದೇ ಸೂರಿನಡಿ ತರುವ ಕೆಲಸ ನಡೆದಾಗಲೂ ನಮಗೆ ಇದೇ ಅನುಮಾನವಿತ್ತು. ಆದರೂ ಆ ಕೆಲಸ ಬೇಕಿತ್ತು. ಬೆಂಗಳೂರಿನ ದೊಡ್ಡ ಕಂಪೆನಿಯಲ್ಲಿ ಕುಳಿತವನಿಗೆ ಪಕ್ಕದ ಮೇಜಿನಲ್ಲಿ ಕೇಳಲು ಜನರಿದ್ದಾರೆ. ಬೆಳ್ತಂಗಡಿಯ ಗುಡ್ಡದ ಮನೆಯಲ್ಲಿ, ಕರೆಂಟು ಬಂದಾಗ ಓದುವವನಿಗೆ ದಾಖಲೆಯೇ ಪಕ್ಕದ ಮೇಜು.

ಈ ಕೋಣೆಗಳಲ್ಲಿ ಅನುವಾದಗಳದ್ದೂ ಒಂದಿದೆ. ಚೀನೀ, ಜಪಾನೀ, ಕೊರಿಯನ್, ಇಟಾಲಿಯನ್, ಸ್ಪ್ಯಾನಿಷ್ ಇವೆ. ಕನ್ನಡ ಇಲ್ಲ. ಮೂಲ ಕಡತ ಸರಿದಾಗಲೆಲ್ಲ ಅನುವಾದವೂ ಅದರ ಹಿಂದೆ ಸರಿಯಬೇಕು, ಇಲ್ಲವಾದರೆ ಅದು ದಿಕ್ಕುತಪ್ಪಿದ ಕೂಸು. ಆದ್ದರಿಂದ ಒಂದು ಸಲ ಮಾಡಿ ಕೈತೊಳೆದುಕೊಳ್ಳುವ ಕೆಲಸ ಇದಲ್ಲ. ನಾಲ್ವರಲ್ಲಿ ಎಷ್ಟು ವರ್ಷ ಎಷ್ಟು ಜನ ಉಳಿಯುತ್ತೇವೋ! ಹಾಗಿದ್ದೂ ‘ಪ್ರೋಸೆಸ್’ ಕೋಣೆಯ ಮೊದಲ ಪುಟಗಳನ್ನು ಕನ್ನಡಕ್ಕೆ ತರಲು ಕುಳಿತಿದ್ದೇವೆ. ಸದ್ಯಕ್ಕೆ ‘ಪ್ಯಾಚ್’ ಎಂಬ ಪದದಲ್ಲೇ ನಿಂತಿದ್ದೇವೆ. ಬಂಟ್ವಾಳದವರು ‘ತೇಪೆ’ ಎನ್ನುತ್ತಾರೆ. ಮೂಡುಬಿದಿರೆಯವರಿಗೆ ಅದು ಹರಿದ ಅಂಗಿಯ ನೆನಪು ತರುತ್ತದಂತೆ, ‘ತಿದ್ದುಪಡಿ’ಯೇ ಇರಲಿ ಎನ್ನುತ್ತಾರೆ. ಬೆಳ್ತಂಗಡಿಯವರು ಇನ್ನೂ ಬಾಯಿ ಬಿಟ್ಟಿಲ್ಲ.