ಎರೆಮಣ್ಣಿನ ದಾರಿಯಲ್ಲಿ ಅಮೆರಿಕ ಮತ್ತು ಜಪಾನ್

ರಾಯಚೂರು ಕೋಟೆಯ ಒಳಗೋಡೆಯಲ್ಲಿ ಒಂದು ಭಾರಿ ಕಲ್ಲಿದೆ. ಉದ್ದ ಸುಮಾರು 41 ಅಡಿ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಕೋಟೆ ಕಟ್ಟಿಸಿದ ವಿವರ ಅದರ ಮೇಲೆ ಕೆತ್ತಲಾಗಿದೆ. ಊರಿಗೆ ಬಂದವರು ಅದರ ಗಾತ್ರ ನೋಡಿ ಬೆರಗಾಗಿ ಮುಂದೆ ಹೋಗುತ್ತಾರೆ. ನಾನು ಮಾತ್ರ ಮಕ್ಕಳನ್ನು ಕರೆದೊಯ್ದಾಗಲೆಲ್ಲ ಅದರ ಬಳಿಯ ಗೀರುಚಿತ್ರವನ್ನು ತೋರಿಸುತ್ತೇನೆ. ಅಂಥ ಕಲ್ಲನ್ನು ಬಂಡಿಯ ಮೇಲೆ ಹೇರಿದ್ದಾರೆ. ಮುಂದೆ ಕೋಣಗಳ ಉದ್ದನೆಯ ಸಾಲು. ಹಿಂದೆ ಆಳುಗಳು ಗಾಲಿಗೆ ಹಾರೆ ಕೊಟ್ಟು ಮೀಟುತ್ತಿದ್ದಾರೆ. ರಸ್ತೆಯಿಲ್ಲದ ಕಡೆ ಭಾರ ಸಾಗಿಸುವ ಸಮಸ್ಯೆ ನಮ್ಮ ಜಿಲ್ಲೆಗೆ ಏಳುನೂರು ವರ್ಷಕ್ಕೂ ಹಳೆಯದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಕಳೆದ ಆಗಸ್ಟಿನ ಒಂದು ಭಾನುವಾರ ಆ ಚಿತ್ರದ ಮುಂದೆ ನಿಂತಿದ್ದಾಗಲೇ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪ್ರಶ್ನೆ ಹಾಕಿದ. ಆತ ಈಗ ದೇವದುರ್ಗ ತಾಲೂಕಿನಲ್ಲಿ ಹತ್ತಿ ಬೆಳೆಯುವ ರೈತ. ಮಗ ರಾಯಚೂರಿನಲ್ಲಿ ಪಿ.ಯು.ಸಿ. ಮೊದಲ ವರ್ಷ ಓದುತ್ತಿದ್ದಾನೆ, ಅವನೂ ಜೊತೆಗಿದ್ದ.

“ಸರ್, ಒಂದು ಹಳೇ ಗಾಡಿ ತಗೋಬೇಕಂತ ಮಾಡೀನ್ರಿ. ರಾಯಚೂರಾಗ ಒಂದು ಜೀಪ್ ಅದ, ಮಾನ್ವಿಯಾಗ ಒಂದು ಜಿಪ್ಸಿ ಅದ. ಯಾವುದು ಗಟ್ಟಿ ಹೇಳ್ರಿ, ಅಮೆರಿಕದ್ದೋ, ಜಪಾನಿಂದೋ?”

“ಜಪಾನಿಂದು ಕೆಡೋದಿಲ್ಲಪ್ಪಾ” ಎಂದ ಮಗ, ನನ್ನ ಉತ್ತರಕ್ಕೂ ಕಾಯದೆ.

ತಮಾಷೆಯ ಪ್ರಶ್ನೆ ಅದಾಗಿರಲಿಲ್ಲ. ಅವರ ಮನೆ ಇರುವುದು ಹೊಲದಲ್ಲಿ, ಡಾಂಬರು ರಸ್ತೆಯಿಂದ ನಾಲ್ಕು ಕಿಲೋಮೀಟರ್ ಒಳಗೆ. ಹಿಂದಿನ ಮಳೆಗಾಲದಲ್ಲಿ ತಾಯಿಗೆ ಎದೆನೋವು ಬಂದಾಗ ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಹಾಸಿಗೆ ಹಾಸಿ ರಸ್ತೆಗೆ ತಂದಿದ್ದರು. ಆಕೆ ಉಳಿದರು, ಆದರೆ ಆ ರಾತ್ರಿಯ ಕುಲುಕಾಟವನ್ನು ಮಗ ಮರೆತಿಲ್ಲ. ಎರಡು ವರ್ಷದ ಹತ್ತಿಯ ದುಡ್ಡು ಕೂಡಿಟ್ಟಿದ್ದ. ತಪ್ಪು ಗಾಡಿ ಕೊಂಡರೆ ಆ ದುಡ್ಡೂ ಹೋಯಿತು, ದಾರಿಯೂ ಸಿಗಲಿಲ್ಲ.

ಜೀಪಿನ ಮಾಲೀಕರು ದೊಡ್ಡ ಮನಸ್ಸಿನವರು. “ಒಂದು ದಿನ ಓಡಿಸಿ ನೋಡ್ರಿ” ಎಂದು ಕೀಲಿಕೈ ಕೊಟ್ಟರು. ಮೂವರೂ ಹೊರಟೆವು.

ಒಂದೇ ಬೇರು, ಎರಡು ಕೊಂಬೆ

ಗಬ್ಬೂರಿನ ದಾರಿ ಹಿಡಿದಾಗ ಹುಡುಗನಿಗೆ ಜೀಪಿನ ವಂಶಾವಳಿ ಹೇಳಿದೆ. 1940ರಲ್ಲಿ ಅಮೆರಿಕದ ಸೈನ್ಯಕ್ಕೆ ಒಂದು ಹಗುರ ವಾಹನ ಬೇಕಾಯಿತು. ಬ್ಯಾಂಟಮ್ ಎಂಬ ಸಣ್ಣ ಕಂಪನಿ 49 ದಿನಗಳಲ್ಲಿ ಮಾದರಿ ಮಾಡಿಕೊಟ್ಟಿತು. ಆಮೇಲೆ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಯುದ್ಧ ಮುಗಿಯುವುದರೊಳಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ರಣರಂಗದಲ್ಲಿ ಕೆಟ್ಟರೆ ಸಿಪಾಯಿಯೇ ಸ್ಪ್ಯಾನರ್ ಹಿಡಿದು ಸರಿಪಡಿಸುವಂತಿರಬೇಕು ಎಂಬುದೇ ಅದರ ಸೂತ್ರ. 1940ರ ದಶಕದ ಕೊನೆಗೆ ಮುಂಬಯಿಯಲ್ಲಿ ಮಹೀಂದ್ರ ಕಂಪನಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು. ನಾವು ಕುಳಿತಿದ್ದ ಜೀಪಿನ ಮೈಕಟ್ಟು ಅಮೆರಿಕದ್ದು, ಡೀಸೆಲ್ ಇಂಜಿನ್ ಫ್ರಾನ್ಸಿನ ಪೂಜೊ ವಿನ್ಯಾಸದ್ದು, ದುಡಿದ ಕೈಗಳು ನಮ್ಮವು.

“ಹಂಗಾದ್ರ ಜಪಾನಿಂದು?”

ಜಪಾನಿನ ಕಥೆಯೂ ಇಲ್ಲಿಂದಲೇ ಟಿಸಿಲೊಡೆದದ್ದು. ಕೊರಿಯಾ ಯುದ್ಧದ ಕಾಲದಲ್ಲಿ, 1951ರಲ್ಲಿ, ಟೊಯೊಟಾ ತನ್ನ ‘ಜೀಪ್ ಬಿಜೆ’ ಮಾಡಿತು. ಅದನ್ನು ಫ್ಯೂಜಿ ಪರ್ವತದ ಆರನೆಯ ತಂಗುದಾಣದವರೆಗೆ ಓಡಿಸಿ ತೋರಿಸಿದರು. ಜೀಪ್ ಎಂಬ ಹೆಸರು ಬೇರೆಯವರ ಸೊತ್ತಾದ್ದರಿಂದ 1954ರಲ್ಲಿ ಅದು ಲ್ಯಾಂಡ್ ಕ್ರೂಸರ್ ಆಯಿತು. ಮಿತ್ಸುಬಿಷಿ 1953ರಿಂದ ವಿಲ್ಲಿಸ್ ಪರವಾನಗಿಯಲ್ಲೇ ಜೀಪು ತಯಾರಿಸಿತು. ನಿಸಾನ್ ಪೆಟ್ರೋಲ್ ಎಂಬ ಮಾದರಿ ನಮ್ಮ ಜಬಲ್ಪುರದ ಕಾರ್ಖಾನೆಗೆ ಬಂದು ಸೈನ್ಯದ ‘ಜೋಂಗಾ’ ಆಯಿತು. ಸುಜುಕಿಯ ಪುಟ್ಟ ಜಿಮ್ನಿ 1970ರಲ್ಲಿ ಹುಟ್ಟಿತು. ಅದರ ಮುಂದಿನ ಪೀಳಿಗೆಯೇ 1985ರ ಡಿಸೆಂಬರಿನಲ್ಲಿ 970 ಸಿ.ಸಿ. ಇಂಜಿನ್ನಿನೊಡನೆ ನಮ್ಮ ಮಾರುತಿ ಜಿಪ್ಸಿಯಾಯಿತು.

ಹುಡುಗ ಹೇಳಿದ ‘ಕೆಡೋದಿಲ್ಲ’ ಎಂಬ ಮಾತಿನ ಹಿಂದೆಯೂ ಒಬ್ಬ ಅಮೆರಿಕನ್ ಇದ್ದಾನೆ. ಡೆಮಿಂಗ್ ಎಂಬ ಸಂಖ್ಯಾಶಾಸ್ತ್ರಜ್ಞ 1950ರಲ್ಲಿ ಜಪಾನಿಗೆ ಹೋಗಿ ಅಲ್ಲಿನ ಇಂಜಿನಿಯರುಗಳಿಗೆ ಪಾಠ ಮಾಡಿದರು. ತಯಾರಾದ ಮೇಲೆ ಕೆಟ್ಟದ್ದನ್ನು ಆರಿಸಿ ಎಸೆಯುವುದಲ್ಲ. ತಯಾರಾಗುವಾಗಲೇ ಅಳೆಯುತ್ತ, ಅಳತೆ ಯಾಕೆ ಏರುಪೇರಾಗುತ್ತದೆ ಎಂದು ಹುಡುಕಿ ಕಾರಣವನ್ನೇ ತೆಗೆಯಬೇಕು. ಇದು ಅವರ ಪಾಠದ ತಿರುಳು. ಮರುವರ್ಷವೇ ಜಪಾನ್ ಅವರ ಹೆಸರಿನಲ್ಲಿ ಬಹುಮಾನ ಸ್ಥಾಪಿಸಿತು. ತಮ್ಮವನನ್ನು ಅಮೆರಿಕದ ಕಾರ್ಖಾನೆಗಳು ಗಂಭೀರವಾಗಿ ಕೇಳಿಸಿಕೊಂಡದ್ದು ಬಹಳ ತಡವಾಗಿ. ಒಳ್ಳೆಯ ಮೇಷ್ಟ್ರು ಇದ್ದರಷ್ಟೇ ಸಾಲದು, ಕೇಳುವ ಕಿವಿ ಬೇಕು.

ನನ್ನ ಪಾಠ

ದೇವದುರ್ಗ ಸಮೀಪಿಸಿದಂತೆ ಬಂಡೆಗಲ್ಲಿನ ಗುಡ್ಡಗಳು, ಅವುಗಳ ನಡುವೆ ಕಪ್ಪನೆಯ ಎರೆ ಹೊಲಗಳು. ಬೇಸಿಗೆಯಲ್ಲಿ ಇದೇ ನೆಲ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮಳೆ ಬಿದ್ದರೆ ಉಬ್ಬಿ, ಬಿರುಕು ಮುಚ್ಚಿ, ಅಂಟಾಗುತ್ತದೆ. ಇದರಲ್ಲಿರುವ ಜೇಡಿಯ ಕಣಗಳು ಪುಸ್ತಕದ ಹಾಳೆಗಳಂತೆ ಪದರ ಪದರವಾಗಿರುತ್ತವೆ. ನೀರು ಪದರಗಳ ನಡುವೆ ಹೊಕ್ಕು ಅವನ್ನು ದೂರ ತಳ್ಳುತ್ತದೆ. ಹತ್ತಿಗೆ ಇದೇ ವರ, ಗಾಲಿಗೆ ಇದೇ ಶಾಪ.

ಈ ಶಾಪವನ್ನು ನಾನು ಪುಸ್ತಕದಲ್ಲಿ ಕಲಿಯಲಿಲ್ಲ. 1999ರ ಸೆಪ್ಟೆಂಬರ್, ಲೋಕಸಭೆ, ವಿಧಾನಸಭೆ ಎರಡಕ್ಕೂ ಒಟ್ಟಿಗೆ ಚುನಾವಣೆ. ಕೃಷ್ಣಾ ತೀರದ ಕಡೆಯ ಒಂದು ಹಳ್ಳಿಯಲ್ಲಿ ನನಗೆ ಮತಗಟ್ಟೆಯ ಕೆಲಸ. ಸಂಜೆ ಪೆಟ್ಟಿಗೆಗಳಿಗೆ ಅರಗಿನ ಮುದ್ರೆ ಹಾಕುವಾಗಲೇ ಮಳೆ ಸುರಿಯಿತು. ನಮಗೊಂದು ಜೀಪು, ಮೇಲಧಿಕಾರಿಗೆ ಒಂದು ಜಿಪ್ಸಿ. ಊರ ಹೊರಗೆ ವಯಸ್ಸಾದ ರೈತರೊಬ್ಬರು ತಡೆದು, “ಬಲಕ್ಕ ಗರಸಿನ ದಾರಿ ಹಿಡೀರಿ ಸರ. ಎರಡು ಮೈಲಿ ಸುತ್ತಾಗ್ತದ. ಎರಿಯಾಗ ಇಳೀಬ್ಯಾಡ್ರಿ” ಎಂದರು. ನಾನು ಬಿ.ಎಸ್ಸಿ., ಬಿ.ಇಡಿ. “ನಾಲ್ಕೂ ಗಾಲಿಗೆ ಶಕ್ತಿ ಅದ, ಏನಾಗೋದಿಲ್ಲ ಯಜಮಾನ್ರ” ಎಂದು ಡ್ರೈವರಿಗೆ ನೇರ ದಾರಿ ತೋರಿಸಿದೆ.

ಇನ್ನೂರು ಗಜ ಹೋಗುವಷ್ಟರಲ್ಲಿ ಜೀಪು ನಿಂತಿತು. ಟೈರಿನ ಕಚ್ಚುಗಳಲ್ಲಿ ಮಣ್ಣು ತುಂಬಿ ಗಾಲಿಗಳು ನುಣ್ಣನೆ ಮಣ್ಣಿನ ಉಂಡೆಗಳಾಗಿದ್ದವು. ಹಗುರಾದ ಜಿಪ್ಸಿ ನಮ್ಮ ಪಕ್ಕದಿಂದ ಹಾಯ್ದು ಇನ್ನೂ ಐವತ್ತು ಗಜ ಹೋಗಿ ಅದೂ ಕೂತಿತು. ಆ ರಾತ್ರಿ ಜಪಾನ್ ಅಮೆರಿಕವನ್ನು ಸೋಲಿಸಿದ್ದು ಐವತ್ತು ಗಜದಿಂದ, ಅಷ್ಟೆ.

ಆ ಐವತ್ತು ಗಜಕ್ಕೆ ಲೆಕ್ಕವಿದೆ. ಒಂದು ಟೈರು ಸುಮಾರು 200 ಚದರ ಸೆಂಟಿಮೀಟರ್ ನೆಲ ಮುಟ್ಟುತ್ತದೆ ಎಂದುಕೊಳ್ಳೋಣ. 1,000 ಕಿಲೋ ಗಾಡಿಯಾದರೆ ಒಂದು ಚದರ ಸೆಂಟಿಮೀಟರಿಗೆ ಒಂದೂಕಾಲು ಕಿಲೋ ಒತ್ತಡ. ಜನ, ಸಾಮಾನು ಸೇರಿ 1,500 ಕಿಲೋ ಆದರೆ ಹತ್ತಿರ ಎರಡು ಕಿಲೋ. ಟೈರಿನ ಗಾಳಿ ಸ್ವಲ್ಪ ಇಳಿಸಿದರೆ ಅದು ಅಗಲವಾಗಿ ಕೂತು ಒತ್ತಡ ಕಡಿಮೆಯಾಗುತ್ತದೆ. ಡಾಂಬರಿಗೆ ಬಂದೊಡನೆ ಮತ್ತೆ ತುಂಬಿಸಬೇಕು. ಇದನ್ನು ತರಗತಿಯಲ್ಲಿ ಎಷ್ಟೋ ಸಲ ಕಪ್ಪುಹಲಗೆಯ ಮೇಲೆ ಬರೆದವನಿಗೆ ಆ ರಾತ್ರಿ ನೆನಪೇ ಆಗಲಿಲ್ಲ.

ಪೊಲೀಸರು ಪೆಟ್ಟಿಗೆಗಳ ಪಕ್ಕ ಮಳೆಯಲ್ಲಿ ನಿಂತರು. ಒಂದು ಊರಿನ ಜನ ಹಾಕಿದ ಮತವೆಲ್ಲ ನನ್ನ ಹಟದಿಂದ ಕೆಸರಿನಲ್ಲಿತ್ತು. ಕಡೆಗೆ ಅದೇ ರೈತರು ಎರಡು ಜೋಡಿ ಎತ್ತು, ಒಂದು ಹಾರೆ, ಹೊರೆಗಟ್ಟಲೆ ಹತ್ತಿಕಟ್ಟಿಗೆ ತಂದರು. ಗಾಲಿಯ ಕೆಳಗೆ ಕಟ್ಟಿಗೆ ಹಾಸಿದರು, ಹಾರೆಯಿಂದ ಮೀಟಿದರು, ಎತ್ತು ಎಳೆದವು. ಕೋಟೆಯ ಚಿತ್ರದಲ್ಲಿರುವುದೂ ಅದೇ ತಂತ್ರ. ನಾವು ತಾಲೂಕು ಕೇಂದ್ರ ಸೇರಿದಾಗ ರಾತ್ರಿ ಎರಡು ಗಂಟೆ. ಹಿರಿಯರು ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಮನಸ್ಸು ಹಗುರಾಗುತ್ತಿತ್ತು.

ಮಾನ್ವಿಯ ಗ್ಯಾರೇಜು

ಸಿರವಾರದ ಮೇಲೆ ಮಾನ್ವಿಗೆ ಬಂದೆವು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮುಟ್ಟಿದಲ್ಲೆಲ್ಲ ಭತ್ತದ ಹಸಿರು. ಹರಿಕಥಾಮೃತಸಾರ ಬರೆದ ಜಗನ್ನಾಥದಾಸರ ಊರು ಇದು. ನಮ್ಮ ಯಾತ್ರೆ ಮಾತ್ರ ಒಂದು ತಗಡಿನ ಚಪ್ಪರದ ಗ್ಯಾರೇಜಿಗೆ. ಅದರ ಯಜಮಾನನೂ ನನ್ನ ವಿದ್ಯಾರ್ಥಿಯೇ, ನಮ್ಮ ರೈತನ ಸಹಪಾಠಿ. ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದದ್ದು ನನ್ನ ವಿಷಯದಲ್ಲೇ. “ವಿಜ್ಞಾನ ನಿನ್ನ ತಲೆಗೆ ಹತ್ತೋದಲ್ಲ ಬಿಡು” ಎಂದು ಆಗ ಹೇಳಿದ್ದು ನೆನಪಿದೆ. ಅವನಿಗೂ ನೆನಪಿರಬೇಕು, ಆದರೂ ಕುರ್ಚಿ ಒರೆಸಿ ಕೂರಿಸಿ ಚಹಾ ತರಿಸಿದ.

ಜಿಪ್ಸಿ ಅಲ್ಲೇ ನಿಂತಿತ್ತು. ಹುಡುಗ ಅದರ ಸುತ್ತ ಎರಡು ಸಲ ತಿರುಗಿದ. “ಅಣ್ಣಾ, ಫೋರ್ ವೀಲ್ ಇದ್ರೂ ಗಾಡಿ ಯಾಕ ಸಿಗಬೀಳ್ತದ?” ಎಂದು ಕೇಳಿದ. ಮೆಕ್ಯಾನಿಕ್ ಉತ್ತರ ಹೇಳಲಿಲ್ಲ. ಜೀಪಿನ ಹಿಂಬದಿಯನ್ನು ಜಾಕಿನಿಂದ ಎತ್ತಿಸಿದ. ಇಂಜಿನ್ ಆರಿಸಿ, ಗೇರಿನಲ್ಲಿಟ್ಟು, “ಈ ಗಾಲಿ ತಿರುಗಿಸು” ಎಂದ. ಹುಡುಗ ಎಡಗಾಲಿಯನ್ನು ಮುಂದಕ್ಕೆ ತಿರುಗಿಸಿದರೆ ಬಲಗಾಲಿ ಹಿಂದಕ್ಕೆ ತಿರುಗಿತು. “ಡಿಫರೆನ್ಷಿಯಲ್ ಕೆಲಸ ಇದು. ತಿರುವಿನಾಗ ಹೊರಗಿನ ಗಾಲಿ ಹೆಚ್ಚು ದೂರ ಹೋಗಬೇಕು, ಅದಕ್ಕ ಇಟ್ಟಾರ. ಆದ್ರ ಕೆಸರಿನಾಗ ಒಂದು ಗಾಲಿ ಜಾರಿದ್ರ ತಿರುಗೋದೆಲ್ಲಾ ಅದಕ್ಕೇ ಹೋಗ್ತದ, ಇನ್ನೊಂದು ಸುಮ್ನ ನಿಲ್ತದ. ಮುಂದ ಒಂದು, ಹಿಂದ ಒಂದು ಜಾರಿದ್ರ ಮುಗೀತು. ಅಮೆರಿಕ ಇರಲಿ, ಜಪಾನ್ ಇರಲಿ.” ನಾನು ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಬರೆದ ಯಾವ ಚಿತ್ರವೂ ಇಷ್ಟು ಚೆನ್ನಾಗಿ ಅರ್ಥವಾಗಿರಲಾರದು.

ಆಮೇಲೆ ಎರಡೂ ಗಾಡಿಗಳ ಕೆಳಗೆ ನುಸುಳಿ ನೋಡಿದ. ಚಾಸಿ, ಸ್ಪ್ರಿಂಗ್ ಪಟ್ಟಿಗಳ ಕೊಂಡಿ, ಗೇರ್ ಎಣ್ಣೆ, ನೋಂದಣಿ ಪುಸ್ತಕ ಒಂದೊಂದನ್ನೇ ಪರೀಕ್ಷಿಸಿದ. 15 ವರ್ಷ ದಾಟಿದ ಖಾಸಗಿ ಗಾಡಿಯ ನೋಂದಣಿಯನ್ನು ತಪಾಸಣೆ ಮಾಡಿಸಿ ನವೀಕರಿಸಬೇಕಲ್ಲ. ಜಿಪ್ಸಿಯನ್ನು ಹಿಂದಿನ ಮಾಲೀಕ ಕೆಸರು ತೊಳೆಯದೆ ವರ್ಷಗಟ್ಟಲೆ ಬಯಲಲ್ಲಿ ನಿಲ್ಲಿಸಿದ್ದ. ಅಡಿಯಲ್ಲಿ ತುಕ್ಕು ಹಿಡಿದಿತ್ತು. ಜೀಪನ್ನು ಅದರ ಯಜಮಾನರು ಮಗುವಿನಂತೆ ನೋಡಿಕೊಂಡಿದ್ದರು.

ಕೈ ಒರೆಸಿಕೊಳ್ಳುತ್ತ ಅವನೆಂದ: “ಸರ್, ಗಾಡಿ ಎರಡು ತರಾ ನಂಬಿಕಸ್ತ ಇರ್ತಾವ. ಒಂದು, ಜಲ್ದಿ ಕೆಡೋದಿಲ್ಲ. ಇನ್ನೊಂದು, ಕೆಟ್ರೂ ಮನೀ ಮುಟ್ಟಸ್ತದ. ಜಪಾನಿನವರು ಮೊದಲನೇದಕ್ಕ ಹೆಸರಾದ್ರು, ಹಳೇ ಜೀಪ್ ಎರಡನೇದಕ್ಕ. ಜಿಪ್ಸಿ ಹಗುರ, ಎರಿಯಾಗ ಅದೇ ಚಲೋ. ಆದ್ರ ಇದು ಪೆಟ್ರೋಲ್. ನಿನ್ನ ಮನ್ಯಾಗ ಟ್ರ್ಯಾಕ್ಟರಿಗಂತ ಡೀಸೆಲ್ ಇರ್ತದ. ಜೀಪಿನ ಸಾಮಾನು ರಾಯಚೂರಾಗ ಅದೇ ದಿನ ಸಿಗ್ತದ. ದೇಶ ನೋಡಿ ತಗೋಬ್ಯಾಡ, ಈ ಗಾಡೀನ ಯಾರು ಹೆಂಗ ಇಟ್ಟಿದ್ರು ನೋಡು.”

ಈಗ ದೇಶದ ಹೆಸರಿಗೂ ಹೆಚ್ಚು ಅರ್ಥ ಉಳಿದಿಲ್ಲ. ಜೀಪ್ ಹೆಸರಿನ ಒಡೆತನ 2021ರಿಂದ ನೆದರ್ಲೆಂಡ್ಸಿನಲ್ಲಿ ಕೇಂದ್ರ ಕಚೇರಿಯಿರುವ ಸ್ಟೆಲಾಂಟಿಸ್ ಕಂಪನಿಯದು. ಜಪಾನಿನ ಟೊಯೊಟಾ ವಾಹನಗಳು ನಮ್ಮ ಬಿಡದಿಯಲ್ಲಿ ತಯಾರಾಗುತ್ತವೆ. ಐದು ಬಾಗಿಲಿನ ಜಿಮ್ನಿಯನ್ನು ಮಾರುತಿ 2023ರಲ್ಲಿ ಮಾರಾಟಕ್ಕೆ ತಂದದ್ದು ಹರಿಯಾಣದ ಗುರುಗ್ರಾಮದಿಂದ.

ರೈತ ಜೀಪನ್ನೇ ಆರಿಸಿದ. ಬೆಲೆ ಅವನು ಕೂಡಿಟ್ಟದ್ದಕ್ಕಿಂತ ಕಡಿಮೆಗೇ ಕುದುರಿತು. ಮಿಕ್ಕ ದುಡ್ಡಿನಲ್ಲಿ ಅಗಲ ಕಚ್ಚಿನ ಹೊಸ ಟೈರು ಎಂದು ಮಗ ಹೇಳಿದ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ಎರಡು ಟೈರು ಸಾಕು. ಉಳಿದದ್ದರಾಗ ಹಳ್ಳದ ಹತ್ರ ಇನ್ನೂರು ಗಜ ಗರಸು ಹಾಕಸೋಣ. ಬಾಜು ಹೊಲದವರೂ ಕೂಡ್ತಾರ” ಎಂದ. 1999ರಲ್ಲಿ ಆ ಹಿರಿಯರು ನನಗೆ ಹೇಳಿದ್ದೂ ಗರಸಿನ ಮಾತನ್ನೇ.

ಹೊರಡುವಾಗ ಹುಡುಗ ಕಾಣಲಿಲ್ಲ. ಜೀಪಿನ ಕೆಳಗಿನಿಂದ ಎರಡು ಕಾಲು ಮಾತ್ರ ಹೊರಗಿದ್ದವು. ಮೆಕ್ಯಾನಿಕ್ ಒಳಗಿನಿಂದ ಏನೋ ತೋರಿಸುತ್ತಿದ್ದ. ಮಗನನ್ನು ಡಾಕ್ಟರು ಮಾಡಬೇಕೆಂದಿರುವ ಅಪ್ಪ ಕರೆಯಲು ಬಾಯಿ ತೆರೆದು ನನ್ನತ್ತ ನೋಡಿದ. “ಇರಲಿ, ಹತ್ತು ನಿಮಿಷ ನೋಡಲಿ” ಎಂದೆ. ಮೆಕ್ಯಾನಿಕ್ ಹೊರಬಂದಾಗ, ಅಂದು ಹೇಳಿದ ಮಾತು ನನ್ನ ತಪ್ಪು ಎಂದು ಅವನಿಗೆ ಹೇಳಿದೆ. ಅವನು ನಕ್ಕು, “ಬಿಡ್ರಿ ಸರ್, ಇನ್ನೊಂದು ಚಹಾ ತಗೋರಿ” ಎಂದ.